ರೊಟ್ಟಿ ಎಷ್ಟು

“ತಪ್ಪ ಹಾಕು ಕಾವೇರಿ. ಹೆದರಬ್ಯಾಡ, ಅದೇನ ಕಡ್ಯಾಂಗಿಲ್ಲ,” ಎಂದ ಶಶಿಕಾಂತ.

ಮಾಳಮಡ್ಡಿಯ ದೇವಕ್ಕನ ರೊಟ್ಟಿ ಕೇಂದ್ರಕ್ಕೆ ಹೊಸದಾಗಿ ಇಂಟರ್‌ನೆಟ್ ಬಂದಿತ್ತು. ಅದರಲ್ಲೇ ಆರ್ಡರ್ ಬರಲೆಂದು ದೇವಕ್ಕನ ಅಕ್ಕನ ಮಗ ಶಶಿಕಾಂತ ಪೇಜು ಮಾಡುತ್ತಿದ್ದ. ‘ರೊಟ್ಟಿ ಎಷ್ಟು’ ಎಂಬ ಚೌಕದೊಳಗೆ ಸರಿಯಾದ ಸಂಖ್ಯೆ ಮಾತ್ರ ಹೋಗಬೇಕು. ಅದನ್ನು ಕಾಯಲು ಜಾವಾಸ್ಕ್ರಿಪ್ಟಿನ ಒಂದು ಸಿದ್ಧ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಕೋಡು, ಕೂರಿಸಿದ್ದ. ತಪ್ಪು ಹಾಕಿ ನೋಡುವ ಕೆಲಸ ರೊಟ್ಟಿ ಬಡಿಯುವ ಕಾವೇರಿಗೆ ಬಂತು.

ಏಳನೆಯ ಇಯತ್ತೆಗೇ ಶಾಲೆ ಬಿಟ್ಟ, ಸುಳ್ಳ ಎಂಬ ಹಳ್ಳಿಯ ಹುಡುಗಿ. ಅವ್ವ ತೀರಿದ ಮೇಲೆ ಕೇಂದ್ರದ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಉಳಿದವರು ಅವಳಿಗೆ ಹಿಟ್ಟು ನಾದು, ಬೆಂಕಿ ಸಣ್ಣ ಮಾಡು ಎನ್ನುತ್ತಿದ್ದರು. ಶಶಿಕಾಂತನೊಬ್ಬನೇ ಪ್ರಶ್ನೆ ಕೇಳುತ್ತಿದ್ದ: “ಈಗೇನ ಹಾಕ್ದಿ?”

ಅರ್ಧ ರೊಟ್ಟಿ ಹಾಕಿದಳು. ಚೌಕದ ಕೆಳಗೆ ಕೆಂಪಕ್ಷರ ಬಂತು. ಐದರ ಮುಂದೆ ಮೈನಸ್ ಒತ್ತಿದಳು. ಮತ್ತೆ ಕೆಂಪು.

“ಮೈನಸ್ ಐದ! ಅಂದ್ರ ಗಿರಾಕಿನ ಬಂದ ನಮಗ ರೊಟ್ಟಿ ಬಡದ ಕೊಡ್ಬೇಕೇನ?”

ಕಾವೇರಿ ವೇಲನ್ನು ಬಾಯಿಗಿಟ್ಟು ನಕ್ಕಳು.

“ನಗೂದ ಸಾಕು, ಹಂಚ ಕಾದೈತಿ!” ದೇವಕ್ಕ ಒಳಗಿಂದ ಕೂಗಿದಳು.

ಶಶಿಕಾಂತ ನೀರು ಕುಡಿಯಲು ಎದ್ದಾಗ ಕಾವೇರಿ ಬರೀ ಸ್ಪೇಸ್ ಒತ್ತಿ ಕಳಿಸಿದಳು. ಕೆಂಪು ಬರಲಿಲ್ಲ. ಚಟ್ನಿಪುಡಿ ಮಾತ್ರ ಬೇಕಾದವರಿಗಾಗಿ ಸೊನ್ನೆಗೆ ಒಪ್ಪಿಗೆಯಿತ್ತು. ಖಾಲಿ ಜಾಗವನ್ನೂ ಅದು ಸೊನ್ನೆಯೆಂದೇ ಎಣಿಸಿ ಆರ್ಡರ್ ತೆಗೆದುಕೊಂಡಿತು. ಎಷ್ಟೆಂದು ಬರೆಯಲು ಮರೆತವರಿಗೆ ರೊಟ್ಟಿಯೇ ಹೋಗುವುದಿಲ್ಲ.

“ಇನ್ನೇನರ ತಪ್ಪ ಐತೇನ?” ಶಶಿಕಾಂತ ಬಂದು ಕೇಳಿದ. “ಇಲ್ಲಂದ್ರ ಮುಗೀತು. ನಾಳಿಂದ ತಾರಿಹಾಳದಾಗ ಬ್ಯಾರೆ ಕೆಲಸ.”

ಕಾವೇರಿ ಚೌಕವನ್ನು ಅಳಿಸಿದಳು.

“ಇಲ್ರಿ.”

ಮರುದಿನ ಎಣಗಾಯಿ ಮಾಡಿದಳು. ಎರಡು ತಾಟು ತೊಳೆದಿಟ್ಟು, ದೇವಕ್ಕನ ಮೊಬೈಲಿನಿಂದ ಫೋನು ಹಚ್ಚಿದಳು.

“ಸರ್, ಒಂದ ತಪ್ಪ ಸಿಕ್ಕೈತ್ರಿ. ಬರೇ ಸ್ಪೇಸ್ ಒತ್ತಿದ್ರೂ ಆರ್ಡರ್ ಹೊಕ್ಕೈತಿ. ನೀವ ಬಂದ ನೋಡ್ರಿ.”

“ಭಾರೀ ಹಿಡದಿ ಬಿಡು! ಅದಕ್ಕ ಬರೂದೇನ, ಇಲ್ಲಿಂದನ ತಿದ್ತೇನಿ. ತಡಿ.” ಟಕಟಕ ಸದ್ದು ಕೇಳಿಸಿತು. “ಆತು. ಪೇಜ್ ಮತ್ತ ತೆರದ ನೋಡು.”

ತೆರೆದು ಸ್ಪೇಸ್ ಒತ್ತಿದಳು. ‘ಸಂಖ್ಯೆ ಹಾಕಿ’ ಎಂದು ಕೆಂಪಕ್ಷರ ಬಂತು.

“ಬೈತೇನ?”

“ಬೈತ್ರಿ.”

ಫೋನು ಕಟ್ಟಾಯಿತು.

“ಎರಡ ತಾಟ ಯಾರಿಗವ್ವಾ?” ದೇವಕ್ಕ ಕೇಳಿದಳು. “ನಂದಾಗಲೇ ಊಟ ಆತಲ್ಲ.”

“ಒಂದ ಪಲ್ಯೆ ಮುಚ್ಚಾಕ್ರಿ.”

ಕಾವೇರಿ ಒಂದು ತಾಟನ್ನು ಬೋರಲು ಹಾಕಿ ಎಣಗಾಯಿಯ ಮೇಲೆ ಮುಚ್ಚಿದಳು. ಒಳಗಿನ ಬಿಸಿಗೆ ಅದರ ಬೆನ್ನು ಸ್ವಲ್ಪ ಹೊತ್ತು ಬೆಚ್ಚಗಿತ್ತು. ಆರುವವರೆಗೂ ಅವಳು ಕೈ ತೆಗೆಯಲಿಲ್ಲ.