ಬತ್ತಿದ ಸರೋವರದ ಉಪ್ಪು

ಪ್ರವಾಸ ಹೋಗಿ ಬಂದವರು ತರುವ ವಸ್ತುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಫ್ರಿಜ್ಜಿಗೆ ಅಂಟಿಸುವ ಒಂಟೆ, ಮತ್ತೆ ಯಾರೂ ತೊಡದ ಟೊಪ್ಪಿ, ಮುಗಿಯದ ಫೋಟೊಗಳು. ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಸೆಕ್ಟರಿನಲ್ಲಿ ಹೋಟೆಲು ನಡೆಸುವ ತನಿಯಪ್ಪ ಮಾತ್ರ ಉಪ್ಪು ತಂದರು.

ಅವರು ನೋಡಲೆಂದು ಹೋದವರಲ್ಲ, ಅಡುಗೆಗೆಂದು ಹೋದವರು. ದೆಹಲಿಯ ಕನ್ನಡಿಗರ ಒಂದು ತಂಡ ಉಜ್ಬೇಕಿಸ್ತಾನದ ಪಶ್ಚಿಮದ ಮೂಲೆಗೆ ಹೊರಟಿತ್ತು. ಸಾವಿರಾರು ವರ್ಷದ ಮಣ್ಣಿನ ಕೋಟೆಗಳನ್ನು ನೋಡಲು ಎಂಥ ಕಷ್ಟಕ್ಕೂ ತಯಾರಿದ್ದ ಜನ, ಒಂದು ಹೊತ್ತಿನ ಅನ್ನ-ಸಾರು ಬಿಡಲು ತಯಾರಿರಲಿಲ್ಲ. ತಂಡ ಕಟ್ಟಿದ್ದು ಆರ್.ಕೆ.ಪುರಂ ಕ್ವಾರ್ಟರ್ಸಿನ ಚಂದ್ರಕಾಂತ, ಕೇಂದ್ರ ಸರ್ಕಾರದ ಅಧಿಕಾರಿ. ರಜೆ ಹಾಕುವ ಮೊದಲು ಮೂರು ಸಲ ಯೋಚಿಸುವ ಮನುಷ್ಯ.

ಹಿಂದಿರುಗಿದ ಮೇಲೆ ತನಿಯಪ್ಪ ಗಲ್ಲಾದಲ್ಲಿ ಕೂತು ದಿನಾ ಅದೇ ಕತೆ ಹೇಳುತ್ತಿದ್ದರು. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನೆಂಬ ಕಾರಣಕ್ಕೆ ಅದನ್ನು ಕೇಳುವ ಹೊಣೆ ನನ್ನದು.

"ಬೋಟುಗಳು, ಮಾಷ್ಟ್ರೇ! ನಮ್ಮ ಮಲ್ಪೆಯಲ್ಲಿ ಉಂಟಲ್ಲ, ಅಂಥವು. ಮರಳ ಮೇಲೆ ನಿಂತಿದ್ದಾವೆ. ಕೆಳಗೆ ಒಂಟೆ ಮಲಗ್ತದೆ."

"ನೀರು?"

"ನೀರು ಎದ್ದು ಹೋಗಿದೆ. ಉಪ್ಪು ಮಾತ್ರ ಉಂಟು, ಕಣ್ಣು ಹಾಯುವವರೆಗೆ ಉಪ್ಪು."

ಆ ಮರುಭೂಮಿಯ ನಡುವೆ ಡ್ರೈವರನು ಇವರ ಉಪ್ಪಿನ ಚೀಲದ ಮೇಲೆ ಡೀಸೆಲ್ ಚೆಲ್ಲಿದ. ಉಪ್ಪಿಲ್ಲದ ಸಾರಿಗೆ ತಂಡ ಒಪ್ಪುವುದಿಲ್ಲವೆಂದು ತನಿಯಪ್ಪ ಬತ್ತಿದ ಸರೋವರದ ನೆಲವನ್ನೇ ಸೌಟಿನಿಂದ ಕೆರೆದರು. ಆಗ ಪಾಳುಕೋಟೆಯ ಬುಡದ ಹಳ್ಳಿಯ ಒಬ್ಬ ಮುದುಕಿ ಬಂದು ಅವರ ಮಣಿಕಟ್ಟು ಹಿಡಿದು ಏನೋ ಹೇಳಿದಳು. ಗೈಡ್ ನಕ್ಕು ಅದರ ಅರ್ಥ ಹೇಳಿದ: ಇದು ನಮ್ಮದಲ್ಲ, ಸರೋವರದ್ದು. ತಿಂದರೆ ನೀವು ಅದರ ಮನೆಯವರಾಗ್ತೀರಿ.

"ಎಷ್ಟು ಪ್ರೀತಿಯ ಜನ ನೋಡಿ," ಎನ್ನುತ್ತಿದ್ದರು ತನಿಯಪ್ಪ.

ಆ ಉಪ್ಪಿನ ಸಾರು ಎಲ್ಲರಿಗೂ ಹಿಡಿಸಿತು. ಹೊರಡುವಾಗ ಚಂದ್ರಕಾಂತ ಒಂದು ಚೀಲ, ತನಿಯಪ್ಪ ಒಂದು ಚೀಲ ತುಂಬಿಕೊಂಡರು. ತನಿಯಪ್ಪ ಅದನ್ನು ಭರಣಿಗೆ ಹಾಕಿ ತಮ್ಮ ತಟ್ಟೆಗೆಂದೇ ಎತ್ತಿಟ್ಟರು. ಗಿರಾಕಿಗಳಿಗೆ ಅಂಗಡಿಯ ಉಪ್ಪು ಸಾಕು ಎಂಬುದು ಅವರ ನಿಲುವು.

ಕೆಲವೇ ವಾರಗಳಲ್ಲಿ ಅವರು ಜಗ್ಗುಗಟ್ಟಲೆ ನೀರು ಕುಡಿಯತೊಡಗಿದರು. ಬಾಗಿಲ ಕಡೆ ಮುಖ ಮಾಡಿದ್ದ ಗಲ್ಲಾದ ಕುರ್ಚಿಯನ್ನು ಪಶ್ಚಿಮಕ್ಕೆ ತಿರುಗಿಸಿಕೊಂಡರು. ಪಶ್ಚಿಮಕ್ಕೆ ಪಾರ್ಕಿಂಗಿನ ಗೋಡೆ ಬಿಟ್ಟರೆ ಏನೂ ಇಲ್ಲ. ಅವರು ಅದನ್ನು ದೂರದ ವಸ್ತುವನ್ನು ನೋಡುವಂತೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು.

ಅಷ್ಟರಲ್ಲಿ ಚಂದ್ರಕಾಂತರ ಸುದ್ದಿ ಬಂತು. ಒಂದು ಬೆಳಿಗ್ಗೆ ಆಫೀಸಿಗೆಂದು ಹೊರಟವರು ವಿಮಾನ ಹತ್ತಿದ್ದರು. ಹೆಂಡತಿ ಶೈಲಜಾ ಅವರಿಗೆ ಒಂದು ಫೋಟೊ ಬಂತು: ಮರಳ ಮೇಲಿನ ಬೋಟು, ಅದರ ನೆರಳಲ್ಲಿ ಚಂದ್ರಕಾಂತ, ಆಫೀಸಿನ ಅಂಗಿಯಲ್ಲೇ. ಕೈಯಲ್ಲಿ ಚೀಲವಿಲ್ಲ, ಮುಖದಲ್ಲಿ ಅವಸರವಿಲ್ಲ. ಆಮೇಲೆ ಫೋನ್ ನಿಂತಿತು. ಶೈಲಜಾ ರಾಯಭಾರ ಕಚೇರಿಗಳಿರುವ ಚಾಣಕ್ಯಪುರಿಯಲ್ಲಿ ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲ ಕಡೆಯೂ ಚಹಾ ಸಿಕ್ಕಿತು.

ಇದನ್ನು ಕೇಳಿ ತನಿಯಪ್ಪ ಗಾಬರಿಯಾಗಲಿಲ್ಲ. "ತಲುಪಿದ್ರು ಅಂತ ಆಯ್ತು," ಎಂದರು. ಮರುದಿನ ತಾವೂ ಶುಕ್ರವಾರಕ್ಕೆ ಟಿಕೆಟ್ ತೆಗೆಸಿದರು. ಬರುವ ಟಿಕೆಟ್ ತೆಗೆಸಲಿಲ್ಲ.

"ಪಪ್ಪಾ, ವಾಪಸ್ ಕಬ್ ಆಓಗೇ?" ಎಂದು ಆರನೇ ಕ್ಲಾಸಿನ ಮಗಳು ರಶ್ಮಿತಾ ಕೇಳಿದಳು. ವಾಪಸ್ ಯಾವಾಗ ಬರ್ತೀರಿ ಎಂಬ ಆ ಪ್ರಶ್ನೆಗೆ ಅರ್ಥವೇ ಇಲ್ಲವೆಂಬಂತೆ ಅವರು ಅವಳ ತಲೆ ಸವರಿದರು.

ಗುರುವಾರ ಊಟದ ಹೊತ್ತು ಮುಗಿದು ಶಟರ್ ಅರ್ಧ ಇಳಿದಿತ್ತು. ತನಿಯಪ್ಪ ಒಳಗೆ ಮಲಗಿದ್ದರು. ಅವರ ಹೆಂಡತಿ ಲೋಲಾಕ್ಷಿ ನನ್ನೆದುರಿನ ಟೇಬಲ್ಲಿನ ಮೇಲೆ ಭರಣಿ ಇಟ್ಟರು.

"ಉಪ್ಪಿನ ಋಣ ಮಾಷ್ಟ್ರೇ. ಅದು ಇವರನ್ನು ಕರೀತಾ ಉಂಟು."

"ಋಣ ಅನ್ನೋದು ಉಪ್ಪು ಹಾಕಿದ ಮನುಷ್ಯರಿಗಲ್ವಾ ಅಕ್ಕ? ಸರೋವರಕ್ಕೆ ಎಂಥ ಋಣ?"

"ಅಲ್ಲಿ ಮನುಷ್ಯರು ಎಲ್ಲಿದ್ದಾರೆ? ಹಾಕಿದ್ದು ಅದೇ." ಅವರು ಭರಣಿಯ ಮುಚ್ಚಳ ಬಿಗಿ ಮಾಡಿದರು. "ಇವತ್ತು ಇದು ಮನೆಯಿಂದ ಹೋಗದಿದ್ರೆ ನಾಳೆ ಇವರು ಹೋಗ್ತಾರೆ."

"ಕಸದ ಗಾಡಿಗೆ ಹಾಕಿಬಿಡಿ."

"ಎಂತ ಮಾರಾಯ್ರೇ, ಓದಿದವರು! ಉಪ್ಪನ್ನು ಯಾರಾದ್ರೂ ಕಸಕ್ಕೆ ಹಾಕ್ತಾರಾ? ತುಳಿದ್ರೆ? ಹರಿಯುವ ನೀರಿಗೇ ಬಿಡ್ಬೇಕು. ದೀಪ ಹಚ್ಚುವ ಮೊದಲು."

ಯಮುನೆಯ ಹೆಸರೆತ್ತಿದೆ. ಅಲ್ಲಿ ಸೇತುವೆಗೆ ಹಾಕಿದ ತಂತಿಜಾಲರಿಯನ್ನು ಭಕ್ತರು ಪೂಜೆಯ ಹೂ ಎಸೆಯಲು ಅನುಕೂಲವಾಗುವಂತೆ ಅಲ್ಲಲ್ಲಿ ಹರಿದಿಟ್ಟಿದ್ದಾರೆ.

"ಆ ನೊರೆಗಾ?" ಎಂದರು ಲೋಲಾಕ್ಷಿ. "ಉಪ್ಪೇ ಹೆದರಿ ವಾಪಸ್ ಬರ್ತದೆ. ಇಲ್ಲೇ ಕಾಲುವೆ ಉಂಟಲ್ಲ, ಶುದ್ಧ ನೀರು."

ಇ-ರಿಕ್ಷಾ ಹಿಡಿದೆವು. ಭರಣಿಯನ್ನು ಅವರು ನನ್ನ ಕೈಗೆ ಕೊಡಲಿಲ್ಲ. ಉಪ್ಪನ್ನು ಕೈಯಿಂದ ಕೈಗೆ ದಾಟಿಸಿದರೆ ಜಗಳ, ಹಾಗಾಗಿ ಸೀಟಿನ ಮೇಲೆ ನಮ್ಮಿಬ್ಬರ ನಡುವೆ ಇಟ್ಟರು. ಗಾಡಿ ಕುಲುಕಿದಾಗೆಲ್ಲ ಅದು ಮೂರನೆಯ ಪ್ರಯಾಣಿಕನ ಹಾಗೆ ನನ್ನ ಕಡೆ ವಾಲುತ್ತಿತ್ತು.

ಕಾಲುವೆಯ ದಂಡೆಯಲ್ಲಿ ನಿಂತಾಗ ಹೇಳಿದೆ: "ಅಕ್ಕ, ಇದು ನಮ್ಮ ನಲ್ಲಿಗೆ ಬರೋ ನೀರು."

"ಒಂದು ಭರಣಿ ಉಪ್ಪು ಮಾಷ್ಟ್ರೇ. ಇಷ್ಟು ನೀರಲ್ಲಿ ಎಂತ ಆಗ್ತದೆ?"

ಲೆಕ್ಕ ಸರಿಯಾಗಿಯೇ ಇತ್ತು. ಅವರು ಭರಣಿ ಬೋರಲು ಹಾಕಿದರು. ಉಪ್ಪು ಕರಗಲಿಲ್ಲ. ಬಿಳಿಯ ಬಟ್ಟೆಯಂತೆ ನೀರಿನ ಮೇಲೆ ಬಿಚ್ಚಿಕೊಂಡು, ಒಂದು ದಂಡೆಯಿಂದ ಇನ್ನೊಂದಕ್ಕೆ ಮುಟ್ಟಿ, ಆಮೇಲೆ ಒಟ್ಟಿಗೇ ಮುಳುಗಿತು. ಮೀನಿನ ವಾಸನೆ ಬಂತು. ಕಡಲಿಲ್ಲದ ದೆಹಲಿಯಲ್ಲಿ ಒಣಮೀನಿನ ಗಾಢ ವಾಸನೆ. ಲೋಲಾಕ್ಷಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಭರಣಿಯನ್ನು ಮೂರು ಸಲ ತೊಳೆದರು.

ಶುಕ್ರವಾರ ತನಿಯಪ್ಪ ಅಂಗಡಿಯ ಉಪ್ಪಿನಲ್ಲಿ ಉಂಡು ಮುಖ ಕಿವುಚಿದರು. ಮತ್ತೆ ಅನ್ನ ಹಾಕಿಸಿಕೊಂಡರು. ಮಧ್ಯಾಹ್ನ ಟಿಕೆಟ್ ರದ್ದು ಮಾಡಿಸಿ, "ಛೆ, ಯಾಕೆ ಹೊರಟಿದ್ದೆನೋ!" ಎಂದು ತಮಗೆ ತಾವೇ ನಕ್ಕರು. ಕುರ್ಚಿ ಬಾಗಿಲ ಕಡೆ ತಿರುಗಿತು. ಲೋಲಾಕ್ಷಿ ಅಂದು ಬಂದವರಿಗೆಲ್ಲ ಕೇಳದೆಯೇ ಪಾಯಸ ಬಡಿಸಿದರು.

ಮುಂದಿನ ವಾರ ನಾನು ಹೋದಾಗ ಹೋಟೆಲು ತುಂಬಿತ್ತು, ಆದರೆ ಮಾತಿರಲಿಲ್ಲ. ದೆಹಲಿಯಲ್ಲಿ ಐದು ಜನ ಕೂತು ಸುಮ್ಮನಿರುವುದು ಸಾವಿನ ಮನೆಯಲ್ಲೂ ಅಪರೂಪ. ಎಲ್ಲ ಟೇಬಲ್ಲುಗಳಲ್ಲೂ ನೀರಿನ ಜಗ್ಗುಗಳು ಖಾಲಿಯಾಗಿದ್ದವು. ಎದುರಿನ ಹಾರ್ಡ್‌ವೇರ್ ಅಂಗಡಿಯ ಭಯ್ಯಾ ನಾಲ್ಕನೆಯ ಲೋಟ ಮುಗಿಸಿ ಬಾಯೊರೆಸಿಕೊಂಡ. ಹರಿದ್ವಾರದಿಂದ ಆಚೆಗೆ ಕಾಲಿಡದವನು, ಕನ್ನಡದ ಒಂದಕ್ಷರ ಬಾರದವನು.

"ಭಾಭೀಜೀ, ಏಕ್ ಬಾತ್ ಪೂಛೂಂ? ವೋ ಜಗಹ್ ಕಹಾಂ ಹೈ, ಜಹಾಂ ರೇತ್ ಪೇ ನಾವ್ ಖಡೀ ಹೈ?"

ಮರಳ ಮೇಲೆ ದೋಣಿ ನಿಂತ ಆ ಜಾಗ. ಲೋಲಾಕ್ಷಿಯ ಕೈಯಲ್ಲಿದ್ದ ಸಾಂಬಾರಿನ ಬಕೆಟ್ಟು ಅಲ್ಲೇ ನಿಂತಿತು.

"ನಿಮಗೆ ಯಾರು ಹೇಳಿದ್ದು?" ಎಂದು ಹಿಂದಿಯಲ್ಲಿ ಕೇಳಿದರು.

"ಯಾರೂ ಇಲ್ಲ," ಎಂದ ಅವನು. ಸ್ವಲ್ಪ ನಾಚಿಕೊಂಡು, "ಮಕ್ಕಳನ್ನೂ ಕರ್ಕೊಂಡು ಹೋಗಬಹುದಾ?" ಎಂದು ಸೇರಿಸಿದ.

ರಶ್ಮಿತಾ ಆಗಷ್ಟೇ ಸ್ಕೂಲಿಂದ ಬಂದು ಬ್ಯಾಗ್ ಇಳಿಸುತ್ತಿದ್ದಳು. "ಮಮ್ಮಿ, ಆಜ್ ಡ್ರಾಯಿಂಗ್ ಮೇಂ ಎಲ್ಲರೂ ಬೋಟೇ ಮಾಡಿದ್ರು. ವಿತ್ ಕ್ಯಾಮೆಲ್. ಮ್ಯಾಮ್ ಭೀ."

ಆಗ ನೋಡಿದೆ, ಕೂತವರೆಲ್ಲ ಕುರ್ಚಿಗಳನ್ನು ಪಶ್ಚಿಮಕ್ಕೆ ತಿರುಗಿಸಿಕೊಂಡಿದ್ದರು. ಗಲ್ಲಾದಲ್ಲಿ ತನಿಯಪ್ಪನೂ.

ಲೋಲಾಕ್ಷಿ ನನ್ನ ಮುಂದೆ ಒಂದು ಲೋಟ ನಲ್ಲಿ ನೀರಿಟ್ಟರು. ಇನ್ನೊಂದನ್ನು ತಾವೇ ತುಂಬಿಕೊಂಡು, ಬಾಯಿಯವರೆಗೆ ಎತ್ತಿ, ತಡೆದರು.

"ಈಗ ಎಂತದನ್ನು ಸುರಿಯುವುದು ಮಾಷ್ಟ್ರೇ? ಎಲ್ಲಿಗೆ?"

ಏನಾದರೂ ಹೇಳೋಣವೆಂದರೆ ಗಂಟಲು ಒಣಗಿತ್ತು. ಲೋಟ ಮುಂದೆಯೇ ಇತ್ತು.