ಮಾವ ಕಿತ್ತು ತಂದ ಅಣಬೆ

ಸಂಜೆ ಗಂಡನ ಸಾಹೇಬರು ಊಟಕ್ಕೆ ಬರುವವರಿದ್ದರು. ನಾನು ಅಂಗಡಿಯಿಂದ ಅಣಬೆ ಹಿಡಿದು ಬರುವಷ್ಟರಲ್ಲಿ ಮಾವ ಬುಟ್ಟಿ ತುಂಬ ಕಾಡಿನ ಅಣಬೆ ಕಿತ್ತು ತಂದಿದ್ದರು.

"ಅಂಗಡೀದು ಯಾಕಮ್ಮಾ? ನನಗೆ ಗೊತ್ತಿಲ್ಲದ ಅಣಬೆ ಇದ್ಯಾ?"

ಇವರಿಗೆ ಗೊತ್ತಿಲ್ಲದ್ದಾದರೂ ಏನಿದೆ! ಗೋಡೆ ಗಡಿಯಾರ ರಿಪೇರಿ ಮಾಡಿದವರೂ ಇವರೇ. ಅದು ಅವತ್ತಿನಿಂದ ನಡೆದಿಲ್ಲ. ಹೂಂ ಎಂದು ತಲೆಯಾಡಿಸಿ, ಅವರು ಅತ್ತ ಹೋದ ಕೂಡಲೇ ಅಷ್ಟನ್ನೂ ಕಸಕ್ಕೆ ಸುರಿದೆ. ಅಂಗಡಿಯ ಅಣಬೆಯನ್ನೇ ಬೆಣ್ಣೆಯಲ್ಲಿ ಬಾಡಿಸಿ, ಕೆನೆ ಹಾಕಿ ಸಾಸ್ ಕುದಿಸಿದೆ. ಸ್ಟೀಕಿನ ಮಾಂಸದ ತುಂಡು ಬಾಣಲೆಗೆ ಬಿದ್ದು ಚುರ್ರೆನ್ನುವಾಗ ಮಗಳು ಬಂದು ಹೊಟ್ಟೆನೋವು ಎಂದಳು. ಕೆಲಸದ ಹೊತ್ತಲ್ಲಿ ಇವಳದೊಂದು ನಾಟಕ ಎಂದು ಗದರಿ, ಮಹಡಿಯಲ್ಲಿ ಮಲಗಲು ಕಳಿಸಿದೆ.

ಸಾಹೇಬರು ತಟ್ಟೆ ಬಳಿದು ತಿಂದರು. "ಸಾಸ್ ಅಂದ್ರೆ ಇದು!"

ಮಾವ ಮೀಸೆ ತಿರುವಿದರು. ನನಗೆ ಒಳಗೊಳಗೇ ನಗು.

"ಅಣಬೆ ನಂದು ಸಾರ್," ಎಂದರು ಮಾವ. "ಸೊಸೆಗೆ ಮೊದ್ಲು ನಂಬಿಕೆ ಇರ್ಲಿಲ್ಲ. ಇವಳು ಅಂಗಡಿಗೆ ಹೋಗಿದ್ದಾಗ್ಲೇ ನಾಲ್ಕು ಹುರಿದು ಮೊಮ್ಮಗಳಿಗೆ ಕೊಟ್ಟಿದ್ದೆ. ಇನ್ನೂ ಬೇಕು ತಾತ ಅಂತ ಹಠ ಮಾಡಿದ್ಲು."

ಸಾಹೇಬರು ನಕ್ಕರು. ನಾನು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಮೆಟ್ಟಿಲ ಕಡೆ ಓಡುತ್ತಿದ್ದಂತೆ ಹಿಂದಿನಿಂದ ಮಾವ ಕೂಗಿದರು:

"ಬರ್ತಾ ಇನ್ನೊಂಚೂರು ಸಾಸ್ ತಾಮ್ಮಾ!"