ಕೆಂಚನಕೋಟೆಯ ಅಂಚಿನಲ್ಲಿ ಗುರುಪಾದಸ್ವಾಮಿ

ಗುರುಪಾದಸ್ವಾಮಿಯವರು ನಡೆಯುವಾಗ ನಾಲ್ಕು ಹೆಜ್ಜೆಗೊಮ್ಮೆ ಹಿಮ್ಮಡಿಯನ್ನು ನೆಲಕ್ಕೆ ಬಲವಾಗಿ ಊರಿ, ತಲೆಯನ್ನು ಎಡಕ್ಕೆ ವಾಲಿಸಿ, ಕ್ಷಣಕಾಲ ಕಿವಿಗೊಟ್ಟು ನಿಲ್ಲುತ್ತಿದ್ದರು. ಕಾಲುನೋವಿರಬೇಕೆಂದು ನಾನು ಮರುಗಿದೆ. ಕಾಲಿಗೇನೂ ಆಗಿರಲಿಲ್ಲ, ನೆಲದಡಿ ಪೊಳ್ಳಾಗಿದೆಯೇ ಎಂದು ಅವರು ಪರೀಕ್ಷಿಸುತ್ತಿದ್ದರು.

ಹನೂರಿನಾಚೆ, ಗುಡ್ಡದ ನೆತ್ತಿಯಲ್ಲಿ, ಪಾಳೆಯಗಾರರ ಕಾಲದ ಮಣ್ಣುಕೋಟೆಯೊಳಗೆ ಹದಿನಾಲ್ಕು ಮನೆಗಳ ಊರು ಕೆಂಚನಕೋಟೆ. ಬುಡದ ಹಳ್ಳವು ಮಳೆಗಾಲ ಮಳೆಗಾಲಕ್ಕೂ ಕೆಮ್ಮಣ್ಣನ್ನು ಕೊರೆದೊಯ್ದು, ಬಡಗಣ ಬುರುಜನ್ನೂ ಗುಡಿಯ ಅರ್ಧ ಜಗಲಿಯನ್ನೂ ಆಗಲೇ ನುಂಗಿತ್ತು. ಅಲ್ಲಿನ ವೀರಗಲ್ಲುಗಳನ್ನು ನೋಡಲೆಂದು ಕಳೆದ ಅಕ್ಟೋಬರಿನಲ್ಲಿ ಕೊಳ್ಳೇಗಾಲದಿಂದ ಬಸ್ಸು ಹತ್ತಿ ಹೋದ ನನ್ನನ್ನು ಅವರು ಊರೆಲ್ಲ ಓಡಾಡಿಸಿದರು. ಅರಣ್ಯ ಇಲಾಖೆಯಲ್ಲಿ ವಾಚರಾಗಿದ್ದ ಕಾಲದ ಖಾಕಿ ಕೋಟು. ಅದರ ಎರಡೂ ಜೇಬುಗಳಲ್ಲಿ ಲಾವಂಚದ ಹುಲ್ಲಿನ ಬುಡಗಳು. ಮಾತಿನ ನಡುವೆಯೇ ಬಗ್ಗಿ, ಬೇರು ಮಣ್ಣನ್ನು ಹಿಡಿದೀತೆಂದು ಕಂಡ ಬಿರುಕಿಗೊಂದು ಬುಡ ಸಿಕ್ಕಿಸಿ, ಕೈ ಒರೆಸಿಕೊಳ್ಳುತ್ತ, "ಕೆಳ್ಗ ಬಂಡೆ ಅದ ಸಾ, ಏನೂ ಆಗಲ್ಲ" ಎನ್ನುತ್ತಿದ್ದರು. ಅವರ ಪತ್ನಿ ಚನ್ನಾಜಮ್ಮ ತಂದ ಕಾಫಿಯನ್ನೂ ನಿಂತೇ ಕುಡಿದರು. "ಕುಂತ್ಕಳಿ ಅಂದ್ರ ಕೇಳಲ್ಲ ಸಾ, ಮದ್ವ ದಿನಾನೂ ಇಂಗೇ" ಎಂದು ಆಕೆ ನಕ್ಕರು.

ಮೂರು ವರ್ಷಗಳ ಹಿಂದೆ, ತಪ್ಪಲಿನಲ್ಲಿ ನಿವೇಶನ ಕೊಡುತ್ತೇವೆಂದು ಬಂದ ಅಧಿಕಾರಿಗಳನ್ನು ಗುರುಪಾದಸ್ವಾಮಿಯವರೇ ಉಪಚರಿಸಿ ಹಿಂದಕ್ಕೆ ಕಳಿಸಿದ್ದರಂತೆ. ಅಂಚಿನ ಮನೆಯ ಪುಟ್ಟಮಲ್ಲಪ್ಪ ಹೊರಡಲು ಗಾಡಿಗೆ ಸಾಮಾನು ಹೇರಿದ್ದ. "ನಿನ್ ತಾತ ಕಟ್ಟಿದ್ ಗೋಡ ಬುಟ್ಟೋದೀಯಾ?" ಎಂದು ಕೇಳಿ ಇವರೇ ಇಳಿಸಿದ್ದರು.

ಅದೇ ಪುಟ್ಟಮಲ್ಲಪ್ಪನ ಕೊಟ್ಟಿಗೆಯ ಹಿಂದೆ, ಅಂದು ಮಧ್ಯಾಹ್ನ, ಅವರು ಊರಿದ ಹಿಮ್ಮಡಿಯಡಿ ನೆಲ ಪೊಳ್ಳು ಸದ್ದು ಕೊಟ್ಟಿತು. ಇನ್ನೊಮ್ಮೆ ಊರಿದರು. ಮಂಡಿಯೂರಿ, ಹುಲ್ಲಿನ ಸಂದಿಯಲ್ಲಿದ್ದ ಬಿರುಕಿನೊಳಕ್ಕೆ ಕೈ ಇಳಿಸಿದರು. ಮೊಣಕೈವರೆಗೂ ಇಳಿಯಿತು, ಎಲ್ಲಿಯೂ ಕಲ್ಲು ತಾಗಲಿಲ್ಲ. ಬಿರುಕು ಕೊಟ್ಟಿಗೆಯ ಕೆಳಗೆ ಹಾದು ಬೀದಿಯವರೆಗೆ ಹೋಗಿತ್ತು. ಜೇಬಿನಿಂದ ಲಾವಂಚದ ಬುಡವೊಂದನ್ನು ತೆಗೆದರು, ನನ್ನ ಮುಖ ನೋಡಿದರು, ಮತ್ತೆ ಜೇಬಿಗೇ ಹಾಕಿಕೊಂಡರು. ಆ ಕಣ್ಣುಗಳಲ್ಲಿ ಭಯಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

"ಪುಟ್ಟಮಲ್ಲಪ್ಪ, ಈಚ್ಗ ಬಾ. ದನ ಬಿಚ್ಚು. ಇವತ್ತೇ ಕೆಳಕ್ಕೋಗು."

"ನೀವೇ ತಾನ ಬಂಡೆ ಅದ ಅಂದದ್ದು?"

"ಅಂದಿದ್ದೆ. ಇಲ್ಲ ಕಣಪ್ಪ. ನಾ ಅಂದದ್ದು ತಪ್ಪು."

ಹದಿನಾಲ್ಕು ಬಾಗಿಲುಗಳಲ್ಲೂ ಅದೇ ಮಾತು. ಕೆಲವರು ಬಯ್ದರು. ಒಬ್ಬಾಕೆ ಕದ ಹಾಕಿಕೊಂಡಳು. ಮುಚ್ಚಿದ ಕದಕ್ಕೇ ತಪ್ಪೊಪ್ಪಿಕೊಂಡು, ತೆರೆಯುವವರೆಗೆ ಅಲ್ಲೇ ಶತಪಥ ಹಾಕಿದರು. ಯಾರದೋ ಆಡೊಂದರ ಹಗ್ಗ ಹಿಡಿದು ನಾನೂ ಇಳಿದೆ. ಹೊತ್ತು ಮುಳುಗುವಷ್ಟರಲ್ಲಿ ಊರೆಲ್ಲ ತಪ್ಪಲಿನ ಶಾಲೆಯ ಅಂಗಳದಲ್ಲಿತ್ತು. ಮೂರನೆಯ ದಿನದ ಮಳೆಗೆ ಪುಟ್ಟಮಲ್ಲಪ್ಪನ ಮನೆಯೂ ಅಕ್ಕಪಕ್ಕದ ನಾಲ್ಕು ಮನೆಗಳೂ ಹಳ್ಳಕ್ಕೆ ಜಾರಿದವು. ಒಂದು ಕರುವೂ ಸಾಯಲಿಲ್ಲ.

ಜನವರಿಯಲ್ಲಿ ಮತ್ತೆ ಹೋದಾಗ ಎಲ್ಲರೂ ತಗಡಿನ ಶೆಡ್ಡುಗಳಲ್ಲಿದ್ದರು. "ಮೂರೊರ್ಸ ನಮ್ನ ಇಡ್ಕಂಡಿದ್ರು ಸಾ. ಆಗ್ಲೇ ಬಂದಿದ್ರ ಇಷ್ಟೊತ್ಗ ಮನ ಎದ್ದಿರದು," ಎಂದ ಪುಟ್ಟಮಲ್ಲಪ್ಪ, ಅವರ ಎದುರಿಗೇ. "ಅದೂ ದಿಟವೇ" ಎಂದರು ಗುರುಪಾದಸ್ವಾಮಿ, ದನಿ ಏರಿಸದೆ.

ನೆಲವನ್ನು ಹಠದಿಂದ ಕಾಯುವವರನ್ನು ನಾವು ಬೇಗ ಹೊಗಳಿಬಿಡುತ್ತೇವೆ. ಆಯುಷ್ಯವಿಡೀ ನಂಬಿಸಿದ ಮಾತು ಸುಳ್ಳೆಂದು ಮೊದಲು ತನಗೇ ತಿಳಿದಾಗ, ಯಾರೂ ಕೇಳುವ ಮುನ್ನ ಮನೆಮನೆಗೆ ಹೋಗಿ ಹೇಳುವವರು ಅವರಲ್ಲಿ ತೀರ ವಿರಳ. ಅಂಥವರಿಗೆ ಕೃತಜ್ಞತೆ ದಕ್ಕುವುದಿಲ್ಲ. ಅವರು ಉಳಿಸಿದ ಜೀವಗಳು ಎಂದಿನಂತೆ ಉಂಡು ಓಡಾಡಿಕೊಂಡಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಅವರು ತಡಮಾಡಿದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.